ಕಳ್ಳಕಡಲಿನ ಪಕ್ಕದಲ್ಲಿ ಹಿಮದ ಲೆಕ್ಕ

ಕೇರಳಕ್ಕೆ ಬಂದ ಮೂರನೇ ದಿನ ಸಮುದ್ರ ನನ್ನ ಚಪ್ಪಲಿ ಒಯ್ದಿತು.

ಕಥೆ ಕಟ್ಟುತ್ತಿಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಊಟಕ್ಕೆ ಕೂತಿದ್ದೆ. ಮಧ್ಯಾಹ್ನ ಒಂದು ಗಂಟೆ. ನೆತ್ತಿ ಸುಡುವ ಬಿಸಿಲು. ಗಾಳಿ ಇಲ್ಲ, ಮೋಡ ಇಲ್ಲ. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಯಾರೋ ಹೊರಗೆ ಬಕೆಟ್ ಚೆಲ್ಲಿದರು ಅಂದುಕೊಂಡೆ. ಬಾಗಿಲು ತೆಗೆದರೆ ಓಣಿ ತುಂಬ ನೊರೆ. ಪಕ್ಕದ ಮನೆಯ ಕೋಳಿಗೂಡು ತೇಲುತ್ತಿತ್ತು, ಅದರ ಮೇಲೆ ಕೋಳಿಗಳು. ನಾನು ತಟ್ಟೆ ಹಿಡಿದುಕೊಂಡೇ ಮಂಚ ಹತ್ತಿ ನಿಂತು "ಅವ್ವಾ" ಅಂತ ಕಿರುಚಿದೆ.

ಮನೆಯೊಡತಿ ಫಿಲೋಮಿನಾ ಚೇಚಿ ಓಡಿ ಬಂದಳು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ಸೊಂಟದ ಮೇಲೆ ಅಕ್ಕಿಯ ಡಬ್ಬಿ ಇಟ್ಟುಕೊಂಡಿದ್ದಳು, ನೀರು ಮೊಣಕಾಲ ತನಕ ಇತ್ತು. ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕಳು.

"ಕಳ್ಳಕ್ಕಡಲ್" ಅಂದಳು.

ಕಳ್ಳ ಸಮುದ್ರ. ದೂರದಲ್ಲಿ ಎಲ್ಲೋ ಎದ್ದ ಅಲೆ, ಇಲ್ಲಿ ಗಾಳಿ ಮಳೆ ಏನೂ ಇಲ್ಲದಾಗ ಸದ್ದಿಲ್ಲದೆ ಬಂದು ಮನೆಗೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಹಿಂದೆ ಹೋಗುತ್ತದೆ. ಹೋಗುವಾಗ ಸಿಕ್ಕಿದ್ದು ಒಯ್ಯುತ್ತದೆ. ನನ್ನ ಚಪ್ಪಲಿ ಹೊಸದು. ರೈಲು ಹಿಡಿಯಲು ಹೊರಟಾಗ ಜಹೀರಾಬಾದ್ ಬಸ್‌ಸ್ಟ್ಯಾಂಡ್ ಎದುರು ಕೊಂಡದ್ದು.

ಅವತ್ತು ಶುರುವಾದ ಹೆದರಿಕೆ ಇನ್ನೂ ಹೋಗಿಲ್ಲ. ಊರಿನವರು ಫೋನು ಮಾಡಿದಾಗ "ಆರಾಮ ಇದ್ದೀನಿ" ಅನ್ನುತ್ತೇನೆ. ಅದು ಪೂರ್ತಿ ಖರೆ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಿಲಿಂದ. ಸಿರ್ಗಾಪುರದವನು. ಏಳರ ತನಕ ಕನ್ನಡ ಶಾಲೆ, ಆಮೇಲೆ ತೆಲುಗು. ಹತ್ತನೇ ಕ್ಲಾಸಿಗೆ ಎರಡು ಸಲ ಕೂತೆ, ಎರಡು ಸಲ ನಪಾಸಾದೆ. ನಾರಾಯಣಖೇಡ್‌ನಲ್ಲಿ ಖಾಜಾ ಭಾಯ್ ಬೋರ್ ಗಾಡಿ ನಡೆಸುತ್ತಿದ್ದರು, ಅದರಲ್ಲಿ ಸೇರಿಕೊಂಡೆ. ಆರು ವರ್ಷ. ಜಹೀರಾಬಾದ್ ಕಡೆ ಕಬ್ಬಿನ ಹೊಲಗಳಲ್ಲಿ ಕೆಂಪು ಮುರುಮು ಮಣ್ಣು ದಾಟಿ ಕರಿಕಲ್ಲು ಕೊರೆದಿದ್ದೇನೆ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊರೆದು ಮೈಯೆಲ್ಲ ಬಿಳಿ ಹಿಟ್ಟು ಮಾಡಿಕೊಂಡು ಬಸ್ಸು ಹತ್ತಿದ್ದೇನೆ, ಕಂಡಕ್ಟರ್ ಸೀಟು ಕೊಡಲಿಲ್ಲ.

ನನ್ನ ಕೆಲಸ ರಾಡ್ ಎಣಿಸುವುದು. ಒಂದು ರಾಡ್ ಇಪ್ಪತ್ತು ಫೂಟು. ಒಂದು ಇಳಿದರೆ ಗಾಡಿಯ ಮಗ್ಗುಲಿಗೆ ಸುಣ್ಣದ ಕಡ್ಡಿಯಲ್ಲಿ ಒಂದು ಗೀರು. ಮೇಲೆ ಬಂದ ಕಲ್ಲಿನ ಹಿಟ್ಟು ರಾಡಿಗೊಂದು ಗುಂಪಿಯಂತೆ ಸಾಲಾಗಿ ಹಾಕುವುದು. ಗುಂಪಿ ನೋಡಿದರೆ ನೆಲದೊಳಗೆ ಏನಿದೆ ಗೊತ್ತಾಗುತ್ತದೆ. ಎಣಿಕೆ ಶುರುವಾಗುವುದು ಗಾಡಿ ನಿಂತ ನೆಲದಿಂದ. ಆಳ ಅಂದರೆ ಕೆಳಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಬೇಸಿಗೆಯಲ್ಲಿ ಜೀಪಿನಲ್ಲಿ ಒಬ್ಬ ಮೇಡಂ ಬಂದರು. ಸುಜಾತಾ ಮೇಡಂ. ಕಲಬುರಗಿಯವರು, ಕೇರಳದ ಒಂದು ಕಾಲೇಜಿನಲ್ಲಿ ಪ್ರೊಫೆಸರ್. ನೀರು ಬೀಳದ ಖಾಲಿ ಬೋರು ಎಲ್ಲೆಲ್ಲಿವೆ ಅಂತ ಕೇಳುತ್ತಿದ್ದರು. ಉದ್ದ ವೈರಿಗೆ ಥರ್ಮಾಮೀಟರ್ ಕಟ್ಟಿ ಇಳಿಸಿ ನೆಲದೊಳಗಿನ ಬಿಸಿ ಅಳೆಯುವುದು ಅವರ ಕೆಲಸ. ಜನ ನಕ್ಕರು. ಖಾಲಿ ಬೋರು ಹುಡುಕಿಕೊಂಡು ಬಂದವರನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಖಾಜಾ ಭಾಯ್ ನನ್ನನ್ನು ಮುಂದೆ ತಳ್ಳಿದರು.

"ಈ ಬೋರ್ ಎಷ್ಟು ಆಳ ಅದ?" ಅಂತ ಮೇಡಂ ಕೇಳಿದರು.

"ನಾಲ್ಕುನೂರಾ ಇಪ್ಪತ್ತು ಫೂಟ್ರಿ. ಇಪ್ಪತ್ತೊಂದು ರಾಡ್."

"ಎಲ್ಲರೆ ಬರದಿಟ್ಟಿಯೇನು?"

"ಬರ್ಯಾದು ಎದಕ್ರಿ? ರಾಡ್ ಇಳಿಸಿದಾಂವ ನಾನs."

ಅವರ ವೈರು ನಾಲ್ಕುನೂರಾ ಹದಿನೆಂಟಕ್ಕೆ ತಳ ಮುಟ್ಟಿತು. "ಎರಡು ಫೂಟ್ ಮಣ್ಣು ಬಿದ್ದಿರಬೇಕ್ರಿ" ಅಂದೆ. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾಲ್ಕು ದಿನ ಜೀಪಿನಲ್ಲಿ ಕೂಡಿಸಿಕೊಂಡು ಮೂವತ್ತು ಬೋರು ತಿರುಗಿದರು. ಎಲ್ಲದರ ಆಳ ನನ್ನ ಬಾಯಲ್ಲಿತ್ತು.

ಇದೆಲ್ಲ ಯಾಕೆ ಅಂತ ಮೇಡಂ ಜೀಪಿನಲ್ಲಿ ಹೇಳಿದರು: ಭೂಮಿಯ ದಕ್ಷಿಣದ ತುದಿಯಲ್ಲಿ ನಮ್ಮ ದೇಶದ ನಾಲ್ಕು ಪಟ್ಟು ಅಗಲದ ಹಿಮದ ಹಾಸು ಇದೆಯಂತೆ. ಎರಡು ಮೂರು ಕಿಲೋಮೀಟರ್ ದಪ್ಪ. ಅದರ ಕೆಳಗಿನ ಕಲ್ಲು ಎಷ್ಟು ಬಿಸಿ ಅಂತ ಅಳೆಯಲು ಕೊರೆಯುವುದು ಕಷ್ಟ. ಬಹಳ ಹಿಂದೆ ನಮ್ಮ ದೇಶದ ಪೂರ್ವದ ಅಂಚು ಆ ನೆಲಕ್ಕೆ ಅಂಟಿಕೊಂಡಿತ್ತಂತೆ. ಅದಕ್ಕೆ ನಮ್ಮ ಕಲ್ಲಿನ ಬಿಸಿ ನೋಡಿ ಆ ಕಲ್ಲಿನ ಬಿಸಿ ಅಂದಾಜು ಮಾಡುತ್ತಾರೆ. ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಿ ಹಿಮ ಎತ್ತ ಜಾರುತ್ತದೆ, ಎಷ್ಟು ಕರಗುತ್ತದೆ ನೋಡುತ್ತಾರೆ. ಹೊರಡುವ ದಿನ ಮೇಡಂ ಕೇಳಿದರು: ಲ್ಯಾಬಿನಲ್ಲಿ ಸಹಾಯಕನ ಜಾಗ ಖಾಲಿ ಇದೆ, ಒಂದು ವರ್ಷದ ಕರಾರು, ಬರ್ತೀಯಾ?

ಅವ್ವನಿಗೆ ಹೇಳಿದೆ. ಹಿಮಕ್ಕೆ ನಮ್ಮ ಕಡೆ ಬರ್ಫ ಅನ್ನುತ್ತೇವೆ.

"ಕೇರಳದಾಗ ಬೋರ್ ಹೊಡೀತಾರೇನು?"

"ಇಲ್ಲವ್ವಾ. ಬರ್ಫದ ಲೆಕ್ಕ."

"ಕೇರಳದಾಗ ಬರ್ಫ ಎಲ್ಲಿಂದ ಬಂತೋ? ಯಾರೋ ನಿನಗ ಟೋಪಿ ಹಾಕ್ಲತ್ತಾರ."

"ಬರ್ಫ ಅಲ್ಲಿಲ್ಲವ್ವಾ, ಕಂಪ್ಯೂಟರದಾಗ ಅದ."

ಅವ್ವ ಸ್ವಲ್ಪ ಹೊತ್ತು ರೊಟ್ಟಿ ಬಡಿದಳು. "ಅದು ಬಿಸಿ ಆಗಂಗಿಲ್ಲೇನು? ಕರಗಿದ್ರ ನಿನ್ನ ಮ್ಯಾಲ ಬರ್ತದ ನೋಡು" ಅಂದಳು.

ಇಲ್ಲಿ ಬಾಡಿಗೆಗೆ ಕೋಣೆ ಸಿಗುವುದು ಕಷ್ಟವಾಯಿತು. ಹೊರಗಿನಿಂದ ದುಡಿಯಲು ಬಂದವರೆಲ್ಲ ಇಲ್ಲಿ 'ಬಂಗಾಳಿ'. ಒಡಿಶಾದವನೂ ಬಂಗಾಳಿ, ಬಿಹಾರದವನೂ ಬಂಗಾಳಿ. ನಾನು ತೆಲಂಗಾಣ ಅಂದೆ, ಕನ್ನಡ ಅಂದೆ. ಚಹಾದ ಅಂಗಡಿಯವನು ಯೋಚನೆ ಮಾಡಿ "ಓ, ಕನ್ನಡ ಮಾತಾಡುವ ಬಂಗಾಳಿ" ಅಂದ. ಇದು ನನಗೇನು ಹೊಸದಲ್ಲ. ನಾರಾಯಣಖೇಡ್ ಸಂತೆಯಲ್ಲಿ ನಮ್ಮನ್ನು ಕನ್ನಡದವರು ಅನ್ನುತ್ತಾರೆ, ಬೀದರಿಗೆ ಹೋದರೆ ತೆಲಂಗಾಣದವರು ಅನ್ನುತ್ತಾರೆ. ಬಂಗಾಳಿ ಮಾತ್ರ ಬಾಕಿ ಇತ್ತು, ಅದೂ ಆಯಿತು.

ಕಾಲೇಜಿನ ಹತ್ತಿರ ಐದು ಮನೆಯವರು ಇಲ್ಲ ಅಂದರು. ಕೊನೆಗೆ ಮೀನುಗಾರರ ಓಣಿಯಲ್ಲಿ, ಸಮುದ್ರಕ್ಕೆ ಕಟ್ಟಿದ ಕಲ್ಲಿನ ಗೋಡೆಯ ಹಿಂದೆ, ಫಿಲೋಮಿನಾ ಚೇಚಿ ಕೋಣೆ ಕೊಟ್ಟಳು. ಗಂಡ ಸೇವಿಯರ್ ದೋಣಿಯವನು. ಅವರಿಬ್ಬರೂ ಅರೆಬರೆ ಹಿಂದಿ, ಉಳಿದದ್ದು ಮಲಯಾಳ. ಅವರ ಮಾತು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ತಲೆಯಲ್ಲಿ ಅದು ಹಾಗೇ ಕೇಳಿಸುತ್ತದೆ.

ಕೋಣೆಯ ಗೋಡೆಯಲ್ಲಿ ಎತ್ತರಕ್ಕೆ ಒಂದು ಹಲಗೆ. ಅದರ ಮೇಲೆ ಅವರ ಮೇರಿ ಮಾತೆ, ಸುತ್ತ ಪುಟ್ಟ ಬಲ್ಬಿನ ಸರ. ನಾನು ಟ್ರಂಕಿನಿಂದ ಬುದ್ಧನ ಫೋಟೋ ತೆಗೆದು ಎಲ್ಲಿಡಲಿ ಅಂತ ನೋಡುತ್ತಿದ್ದೆ. ಚೇಚಿ ಕಿತ್ತುಕೊಂಡು ಮಾತೆಯ ಪಕ್ಕ ಇಟ್ಟಳು. "ಕೆಳಗ ಇಟ್ರ ತೊಯ್ತಾರ" ಅಂದಳು.

ಇಲ್ಲಿ ಅಕ್ಕಿ ದಪ್ಪ, ಕೆಂಪು. ಬೆಂದ ಮೇಲೂ ಒಂದೊಂದು ಅಗುಳು ಬೇರೆ ಬೇರೆ ನಿಲ್ಲುತ್ತದೆ. ಮೀನಿಲ್ಲದೆ ಊಟವಿಲ್ಲ. ಮೊದಲ ವಾರ ಕೊಬ್ಬರಿ ಎಣ್ಣೆಯ ವಾಸನೆಗೆ ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದೆ. ಮನೆಯಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ಚೇಚಿ ಒಂದು ತುಂಡು ತಿಂದು "ಇದು ಚಲೋ ಅದ, ಆದ್ರ ಗಂಟಲಾಗ ನಿಂತು ಯೋಚನಿ ಮಾಡ್ತದ" ಅಂದಳು. ಹಿಟ್ಟು ಮುಗಿದ ದಿನ ನನಗೆ ಅಳು ಬಂತು. ಅಷ್ಟೇ ಹೇಳುತ್ತೇನೆ.

ನಮ್ಮಲ್ಲಿ ನೀರು ನಾಲ್ಕುನೂರು ಫೂಟು ಕೆಳಗೆ ಅಡಗಿ ಕೂತಿರುತ್ತದೆ. ಬಾ ಅಂತ ತೆಂಗಿನಕಾಯಿ ಒಡೆದು ಕರೆಯುತ್ತೇವೆ. ಇಲ್ಲಿ ಚೇಚಿ ಸಮುದ್ರದ ಗೋಡೆಯ ಕಡೆ ಮುಖ ಮಾಡಿ, ಬರಬೇಡ ಅಂತ ಮೇಣದಬತ್ತಿ ಹಚ್ಚುತ್ತಾಳೆ.

ಲ್ಯಾಬಿನಲ್ಲಿ ಮೊದಲು ನನ್ನ ಕೆಲಸ ವೈರು ಸುತ್ತುವುದು, ಥರ್ಮಾಮೀಟರ್ ತೊಳೆಯುವುದು. ಎರಡು ತಿಂಗಳಿಗೆ ಮೇಡಂ ಕಂಪ್ಯೂಟರ್ ಮುಂದೆ ಕೂಡಿಸಿದರು. ದೊಡ್ಡ ಕಂಪ್ಯೂಟರುಗಳು ಬೇರೆ ಕೋಣೆಯಲ್ಲಿವೆ, ಅಲ್ಲಿ ಥಂಡಿ ಹಲ್ಲು ಕಡಿಸುತ್ತದೆ. ನಮ್ಮ ಮುಂದೆ ಇರುವುದು ಬರೀ ಪರದೆ. ಅದರಲ್ಲಿ ಒಂದು ಫೈಲು, ಸಾಲಿಗೊಂದು ಹೆಸರು, ಹೆಸರಿಗೊಂದು ಅಂಕಿ.

ನನಗೆ ತಿಳಿದಂತೆ ಹೇಳುತ್ತೇನೆ. ಹಿಮವಿರುವ ನೆಲಕ್ಕೆ ಚೌಕಳಿ ಹಾಕುತ್ತಾರೆ. ಒಂದೊಂದು ಚೌಕಕ್ಕೆ ಕೆಲವು ಅಂಕಿ: ತಳದ ಕಲ್ಲು ಎಷ್ಟು ಎತ್ತರದಲ್ಲಿದೆ, ಮೇಲೆ ಹಿಮ ಎಷ್ಟು ದಪ್ಪ, ಕೆಳಗಿನಿಂದ ಎಷ್ಟು ಬಿಸಿ, ಮೇಲಿನಿಂದ ಎಷ್ಟು ಹಿಮ ಬೀಳುತ್ತದೆ. ಹಿಮ ಕಲ್ಲಿನಂತೆ ಸುಮ್ಮನೆ ಕೂರುವುದಿಲ್ಲ. ನಾದಿದ ಹಿಟ್ಟು ಪರಾತದಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಹರಡುವುದಿಲ್ಲವೇ, ಹಾಗೆ ಜಾರುತ್ತದೆ. ಗಾಳಿಯ ಲೆಕ್ಕಕ್ಕೆ ಒಂದು ಪ್ರೋಗ್ರಾಂ, ಸಮುದ್ರಕ್ಕೆ ಒಂದು, ಹಿಮಕ್ಕೆ ಒಂದು. ಕೆಲಸದವರು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ದಾಟಿಸಿದಂತೆ ಒಂದು ಇನ್ನೊಂದಕ್ಕೆ ಅಂಕಿ ದಾಟಿಸುತ್ತದೆ. ನಡುವೆ ಒಬ್ಬ ತಪ್ಪು ಬುಟ್ಟಿ ಕೊಟ್ಟರೆ ಮುಂದಿನವರೆಲ್ಲ ಅದನ್ನೇ ಹೊರುತ್ತಾರೆ.

ಎಂಟರ್ ಒತ್ತಲು ಹೆದರಿ ಬೆರಳು ಹಿಂದೆ ಎಳೆದುಕೊಳ್ಳುತ್ತಿದ್ದೆ. ಬೋರ್ ಗಾಡಿಯಲ್ಲಿ ತಪ್ಪು ಹ್ಯಾಂಡಲ್ ಎಳೆದರೆ ಯಾರದೋ ಬೆರಳು ಹೋಗುತ್ತದೆ. ಒಬ್ಬನದು ಹೋದದ್ದು ನೋಡಿದ್ದೇನೆ.

"ಏ ಮಿಲಿಂದ, ಅದೇನ್ ಬಾಂಬ್ ಅದೇನು? ಒತ್ತು" ಅನ್ನುತ್ತಿದ್ದರು ಮೇಡಂ.

ಒಂದು ಸಲ ಲ್ಯಾಬಿನಲ್ಲಿ ಓದುವ ಹುಡುಗರು ಓಡಿಸಿದ ಲೆಕ್ಕದಲ್ಲಿ ಹಿಮ ತಳದಿಂದ ಸುಮ್ಮನೆ ಕರಗುತ್ತಿತ್ತು. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ನಾನು ಫೈಲು ನೋಡಿ "ಇಷ್ಟು ಬಿಸಿ ನಮ್ಮ ಕಡಿ ಯಾವ ಬೋರದಾಗೂ ಇಲ್ಲರಿ" ಅಂದೆ. ಒಂದು ಅಂಕಿಯಲ್ಲಿ ದಶಾಂಶದ ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದಿತ್ತು. "ನೋಡ್ರಿ, ಹತ್ತನೇದು ನಪಾಸಾದಾಂವ ಹಿಡದಾನ" ಅಂತ ಮೇಡಂ ಎಲ್ಲರೆದುರು ಅಂದರು. ಅವತ್ತು ಚೇಚಿಗೆ ಅದನ್ನು ಎರಡು ಸಲ ಹೇಳಿದೆ. ಹೇಳಬಾರದಿತ್ತು. ಅವತ್ತಿನಿಂದ ಅವಳು ನನ್ನನ್ನು ತಿಳಿದವನು ಅಂದುಕೊಂಡಳು. ನಾನೂ ಅಂದುಕೊಂಡೆ.

ಆಮೇಲೆ ಮೇಡಂ ಹದಿನೈದು ದಿನ ಬೇರೆ ಊರಿಗೆ ಹೋದರು. ಹೋಗುವಾಗ ಒಂದು ಕೆಲಸ ಕೊಟ್ಟರು. ಒಂದು ಸಣ್ಣ ಹಿಮನದಿ. ಅದರ ತಳದ ಅಳತೆ ಹಳೆಯ ಕಾಗದದ ನಕ್ಷೆಯಲ್ಲಿತ್ತು. ಆ ಅಂಕಿಗಳನ್ನು ಒಂದೊಂದಾಗಿ ಫೈಲಿಗೆ ಹೊಡೆದು, ನೂರು ವರ್ಷ ಮುಂದಕ್ಕೆ ಓಡಿಸಿ ಇಡಬೇಕು. ನಾನೊಬ್ಬನೇ. ಮೊದಲ ಸಲ.

ನಾಲ್ಕು ದಿನ ಹೊಡೆದೆ. ಒಂದು ಅಂಕಿಯೂ ತಪ್ಪಲಿಲ್ಲ, ಮೂರು ಸಲ ತಾಳೆ ನೋಡಿದೆ. ಎಂಟರ್ ಒತ್ತಿದೆ. ಮರುದಿನ ಚಿತ್ರ ಬಂತು. ನೂರು ವರ್ಷ ಕಳೆದರೂ ಹಿಮ ಕದಲಿರಲಿಲ್ಲ. ಗುಡ್ಡದ ಮೇಲಿನ ಕಲ್ಲಿನಂತೆ ಗಟ್ಟಿ ಕೂತಿತ್ತು. ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿದೆ. ಬಂದಾಗಿನಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಹಿಮ ಹೋಗದಿದ್ದರೆ ಸಮುದ್ರ ಏರುವುದಿಲ್ಲ. ನಾನು ಲೆಕ್ಕ ಮಾಡಿದ್ದು ಅಷ್ಟೇ.

ಅದೇ ವಾರ ಚೇಚಿಯ ಕೈಗೆ ಪಂಚಾಯತಿಯಿಂದ ಒಂದು ಕಾಗದ ಬಂದಿತ್ತು. ಸಮುದ್ರದ ಗೋಡೆಯ ಹಿಂದಿನ ಮನೆಗಳವರು ಒಪ್ಪಿ ಸಹಿ ಹಾಕಿದರೆ ಸರಕಾರ ಒಳನಾಡಿನಲ್ಲಿ ಬೇರೆ ಮನೆ ಕೊಡುತ್ತದೆ. ಮುಂದಿನ ಶುಕ್ರವಾರ ಕೊನೆಯ ದಿನ. ಓಣಿಯಲ್ಲಿ ಅರ್ಧ ಜನ ಸಹಿ ಹಾಕಿದ್ದರು. ಚೇಚಿ ಹಾಕಿರಲಿಲ್ಲ. ಮದುವೆಯಾಗಿ ಬಂದ ಮನೆ, ಸೇವಿಯರ್‌ನ ದೋಣಿ ಬಾಗಿಲಲ್ಲೇ.

"ಮಿಲಿಂದಾ, ನಿನ್ನ ಕಂಪ್ಯೂಟರ್ ಏನು ಹೇಳ್ತದ? ಕಡಲು ಬರ್ತದೋ ಇಲ್ಲೋ?"

"ಬರ್ಫ ಹೋಗಂಗಿಲ್ಲ ಚೇಚಿ. ನೂರು ವರ್ಷ ಓಡಿಸಿ ನೋಡೀನಿ. ಗಟ್ಟಿ ಅದ."

"ಖರೇ?"

"ಖರೇ. ನಾನs ಮಾಡೀನಿ."

ಅವಳು ಕಾಗದ ಮಡಚಿ ಅಕ್ಕಿಯ ಡಬ್ಬಿಯ ಕೆಳಗೆ ಇಟ್ಟಳು. ಆ ಸಂಜೆ ನನಗೆ ಎರಡು ಮೀನು ಹೆಚ್ಚು ಹಾಕಿದಳು.

ಸೋಮವಾರ ಕಾಲೇಜಿಗೆ ರಜೆ ಇತ್ತು. ಸೇವಿಯರ್ ನನ್ನನ್ನು ದೋಣಿಗೆ ಎಳೆದುಕೊಂಡು ಹೋದ. "ನೂರು ವರ್ಷದ ಕಡಲು ನೋಡಿದಾಂವ ಒಂದು ಸಲ ಇವತ್ತಿಂದೂ ನೋಡು" ಅಂದ. ನಾನು ದೋಣಿಯ ಅಂಚು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಕೂತೆ. ದಂಡೆಯಿಂದ ದೂರ ಹೋದ ಮೇಲೆ ಅವನು ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟ. ತಳ ಮುಟ್ಟಿದ ಮೇಲೆ ಎಳೆಯುತ್ತ ಎರಡೂ ತೋಳು ಚಾಚಿ ಅಳೆದ. ಅವರೂ ಮಾರು ಅಂತಲೇ ಅನ್ನುತ್ತಾರೆ, ನಮ್ಮ ಹಾಗೆ. ಆ ಒಂದು ಶಬ್ದಕ್ಕೆ ಜೀವ ಬಂದಂತಾಯಿತು. ಕಣ್ಣು ತೆಗೆದೆ.

"ಹನ್ನೆರಡು ಮಾರು" ಅಂದ.

ಆರು ವರ್ಷದ ಚಟ, ಬಾಯಿಗೆ ಬಂತು: "ಎಲ್ಲಿಂದ ಹನ್ನೆರಡು?"

"ಎಲ್ಲಿಂದಂದ್ರ? ನೀರಿನ ಮ್ಯಾಲಿಂದ. ಆಕಾಶದಿಂದ ಅಳೀಲೇನು ಬಂಗಾಳಿ?"

ನೀರಿನ ಮೇಲಿಂದ. ದಂಡೆಯ ಕಡೆ ನೋಡಿದೆ. ದೀಪಸ್ತಂಭದ ಗುಡ್ಡ ಕಾಣುತ್ತಿತ್ತು. ಗುಡ್ಡ ನೀರಿನಿಂದ ಮೇಲೆ. ತಳ ನೀರಿನಿಂದ ಕೆಳಗೆ. ನಡುವೆ ನೀರು, ಸೊನ್ನೆ ಅಲ್ಲಿ. ಫೈಲಿನಲ್ಲಿ ತಳದ ಎತ್ತರ ಹಾಕುವ ಜಾಗಕ್ಕೆ ಸೊನ್ನೆ ಅಂದರೆ ಸಮುದ್ರದ ಮಟ್ಟ, ಅದಕ್ಕಿಂತ ಕೆಳಗಿದ್ದರೆ ಅಂಕಿಯ ಎಡಕ್ಕೆ ಮೈನಸ್. ಇದನ್ನು ಮೇಡಂ ಎಂದೋ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಹಳೆಯ ನಕ್ಷೆಯಲ್ಲಿ ಆರುನೂರು ಮೀಟರ್ ಆಳ ಅಂತ ಇದ್ದರೆ ನಾನು ಆರುನೂರು ಅಂತಲೇ ಹೊಡೆದಿದ್ದೆ. ನಮ್ಮ ಕೆಲಸದಲ್ಲಿ ಆಳಕ್ಕೆ ಯಾರು ಮೈನಸ್ ಹಾಕುತ್ತಾರೆ? ಆರುನೂರು ಅಂದರೆ ಆರುನೂರು ಕೆಳಗೆ, ಮೇಲೆ ಹೋಗುವ ಬೋರು ಎಲ್ಲಾದರೂ ಇದೆಯೇ?

ಸಮುದ್ರದ ತಳದಲ್ಲಿ ಕೂತ ಹಿಮವನ್ನು ನಾನು ಗುಡ್ಡದ ಮೇಲೆ ಕೂಡಿಸಿದ್ದೆ. ಅದಕ್ಕೇ ನೀರು ಅದನ್ನು ಮುಟ್ಟಿರಲಿಲ್ಲ.

ದೋಣಿಯಲ್ಲೇ ವಾಂತಿ ಮಾಡಿಕೊಂಡೆ. ಸೇವಿಯರ್ ನಕ್ಕ, ಸಮುದ್ರ ಒಗ್ಗದವನು ಅಂದ.

ಮಂಗಳವಾರ ಲ್ಯಾಬಿಗೆ ಹೋಗಿ ಒಂದೊಂದು ಸಾಲಿಗೂ ಮೈನಸ್ ಹಾಕಿ ಓಡಿಸಿದೆ. ಸಂಜೆಯೊಳಗೆ ಚಿತ್ರ ಬಂತು. ಆ ಹಿಮನದಿಯ ತಳ ಒಳಗೆ ಹೋದಷ್ಟೂ ಆಳವಾಗುತ್ತದೆ. ಬಾಯಿಯಲ್ಲಿ ಸ್ವಲ್ಪ ಎತ್ತರ, ಒಳಗೆ ಗುಂಡಿ. ಸಮುದ್ರ ಆ ಬಾಯಿ ದಾಟುವ ತನಕ ಹಿಮ ತಡೆಯಿತು. ದಾಟಿದ ಮೇಲೆ ನಿಲ್ಲಲಿಲ್ಲ. ಚಿತ್ರದಲ್ಲಿ ಬಿಳಿ ಹಿಂದೆ ಹಿಂದೆ ಹೋಯಿತು, ನೀಲಿ ಬಂತು. ನೂರು ವರ್ಷ ನನ್ನ ಕಣ್ಣೆದುರು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು. ಕುಸಿಯುವ ಬೋರಿನ ಬಾಯಲ್ಲಿ ನಿಂತಾಗ ಕಾಲಡಿಯ ಮಣ್ಣು ಜಾರುತ್ತದಲ್ಲ, ಹಾಗಾಯಿತು.

ಪರದೆ ಆರಿಸಿ ಮನೆಗೆ ಬಂದೆ.

ಈಗ ಬರೆಯುವುದು ನಾಚಿಕೆಯ ಮಾತು. ಅವತ್ತೇ ಚೇಚಿಗೆ ಹೇಳಬಹುದಿತ್ತು. ಶುಕ್ರವಾರಕ್ಕೆ ಇನ್ನೂ ಮೂರು ದಿನ ಇತ್ತು. ಹೇಳಲಿಲ್ಲ. ಓಣಿಯಲ್ಲಿ ಗೊತ್ತಾದರೆ ಕಾಲೇಜಿಗೆ ಗೊತ್ತಾಗುತ್ತದೆ, ಈ ನಪಾಸಾದವನನ್ನು ಯಾಕೆ ತಂದಿರಿ ಅಂತ ಮೇಡಂಗೆ ಕೇಳುತ್ತಾರೆ, ಕರಾರು ಹರಿಯುತ್ತಾರೆ, ಮತ್ತೆ ರಾಡ್ ಎಣಿಸುವುದು. ಬುಧವಾರ ಹೇಳೋಣ ಅಂದುಕೊಂಡೆ. ಗುರುವಾರ ಹೇಳೋಣ ಅಂದುಕೊಂಡೆ. ಶುಕ್ರವಾರ ಚೇಚಿ ಅನ್ನ ಬಡಿಸುತ್ತ, "ಪಂಚಾಯತಿ ಮುಂದ ಸಾಲು ರೋಡಿನ ತನಕ ನಿಂತದಂತ. ನಾ ಹೋಗಲಿಲ್ಲ. ನಮ್ಮ ಮನಿಯಾಗs ಕಂಪ್ಯೂಟರ್ ಅದ" ಅಂತ ನಕ್ಕಳು. ನಾನು ಅನ್ನ ಅಗಿಯುತ್ತ ಕೂತೆ.

ಸೋಮವಾರ ಮೇಡಂ ಬಂದರು. ಎರಡೂ ಚಿತ್ರ ಮುಂದಿಟ್ಟೆ. ನೋಡಿ ಸಣ್ಣಗೆ ನಕ್ಕರು.

"ಮೈನಸ್ ಬಿಟ್ಟಿದ್ದಿ. ನಾನೂ ಒಮ್ಮಿ ಬಿಟ್ಟೀನಿ. ನೀನs ಹಿಡದಿಯಲ್ಲ, ಸಾಕು."

"ಮೇಡಂರಿ, ಇನ್ನೊಂದು ಮಾತದರಿ."

ಹೇಳಿದೆ. ಅವರ ನಗು ನಿಂತಿತು.

"ಆ ಮನಿಯಾಕಿಗಿ ಹೇಳಿದಿ? ಈ ಚಿತ್ರ ನೋಡಿ?"

"ಹೂಂರಿ."

"ಮಿಲಿಂದ, ಇದು ಒಂದು ಸಣ್ಣ ಹಿಮನದಿ. ಕಲೀಲಾಕ ಕೊಟ್ಟಿದ್ದು. ಆಕಿ ಗ್ವಾಡಿ ಮುಂದಿನ ಮಳಿಗಾಲಕ್ಕ ನಿಲ್ತದೋ ಬೀಳ್ತದೋ ಇದಕ್ಕೇನು ಗೊತ್ತು? ಆ ಕಳ್ಳಕಡಲು ದಕ್ಷಿಣದ ಬಿರುಗಾಳಿಗಿ ಎದ್ದು ಬರ್ತದ, ಬರ್ಫಕ್ಕಲ್ಲ. ಸಮುದ್ರ ಒಂದು ಬಟ್ಟು ಏರಿದ್ರ ಅದೂ ಒಂದು ಬಟ್ಟು ಎತ್ತರಕ್ಕ ಬರ್ತದ, ಅಷ್ಟು ಖರೆ. ಮೈನಸ್ ಸರಿ ಇದ್ರೂ ನೀ ಹಾಂಗ ಹೇಳಬಾರದಿತ್ತು."

"ಹೂಂರಿ."

"ಮಂಗಳವಾರ ಗೊತ್ತಾತು ಅಂತಿ. ಶುಕ್ರವಾರ ತನಕ ಯಾನ್ ಮಾಡ್ಲತ್ತಿದ್ದಿ?"

"ಅಂಜಿದೆರಿ."

"ಯಾರಿಗಿ?"

"ನಿಮಗ."

ಮೇಡಂ ಎರಡೂ ಚಿತ್ರ ಪಕ್ಕಕ್ಕೆ ಸರಿಸಿದರು. "ಇಲ್ಲಿ ಯಾಕ ಕುಂತಿ? ಹೋಗು, ಮೊದಲ ಆಕಿಗಿ ಹೇಳು" ಅಂದರು.

ಚೇಚಿ ಬಾಗಿಲಲ್ಲಿ ಕೂತು ಮತ್ತಿ ಮೀನಿನ ಪೊರೆ ತೆಗೆಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಮೈನಸ್ ಅಂದರೆ ಅವಳಿಗೆ ಬೇಕಾಗಿರಲಿಲ್ಲ.

"ಅಂದ್ರ ಬರ್ಫ ಹೋಗ್ತದ."

"ಹೋಗ್ತದ ಅಂತದ ಆ ಲೆಕ್ಕ. ಯಾವಾಗ, ನಿಮ್ಮ ಮನಿಗಿ ಏನಾಗ್ತದ, ನನಗ ಗೊತ್ತಿಲ್ಲ ಚೇಚಿ. ಅವತ್ತೂ ಗೊತ್ತಿರಲಿಲ್ಲ."

"ತಪ್ಪದ ಅಂತ ಎಂದು ತಿಳೀತು?"

"ಹೋದ ಮಂಗಳವಾರ."

ಪೊರೆ ಅಂಟಿದ ಬೆರಳು ಮಡಚಿ ಎಣಿಸಿದಳು. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ.

"ನಾಲ್ಕು ದಿನ ನನ್ನ ಕೈಲಿ ಉಂಡಿ" ಅಂದಳು. ಮತ್ತೆ ಮೀನಿನ ಕಡೆ ತಿರುಗಿದಳು.

ಮರುದಿನ ಸೇವಿಯರ್‌ನ ಜೊತೆ ಪಂಚಾಯತಿಗೆ ಹೋದೆ. ಪಟ್ಟಿ ಮುಗಿದಿದೆ, ಮುಂದಿನ ಪಟ್ಟಿ ಬಂದಾಗ ನೋಡೋಣ ಅಂದರು. ಯಾವಾಗ ಅಂದರೆ ಹೇಳಲಿಲ್ಲ. ಆಮೇಲೆ ನಾನು ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದೆ. ಗುಮಾಸ್ತ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಿದ್ದ. ಚೇಚಿ ಮಾತು ಬಿಟ್ಟಿದ್ದಳು. ಬಾಗಿಲ ಹೊರಗೆ ತಟ್ಟೆ ಇಟ್ಟು ಕದ ಬಡಿದು ಹೋಗುತ್ತಿದ್ದಳು. ಬೇರೆ ಕೋಣೆ ನೋಡಿಕೊಳ್ಳಬಹುದಿತ್ತು. ನೋಡಲಿಲ್ಲ. ನನ್ನ ಮಾತಿಗೆ ಅವಳು ಅಲ್ಲಿ ಇದ್ದಾಳೆ, ನಾನು ಒಳನಾಡಿನಲ್ಲಿ ಹೋಗಿ ಮಲಗಲೇ?

ಮಳೆಗಾಲಕ್ಕೆ ಮುಂಚೆ ಕಳ್ಳಕಡಲು ಮತ್ತೆ ಬಂತು. ಹಾಡಹಗಲು. ಈ ಸಲ ಅಡಿಗೆಮನೆಯ ಹಿಂದಿನ ಗೋಡೆ ಬಿರಿದು ಮೂಲೆಯ ಕಲ್ಲುಗಳು ಕಿತ್ತು ಹೋದವು. ಸೇವಿಯರ್ ದೋಣಿ ಹಿಡಿಯಲು ಓಡಿದ. ನಾನೂ ಚೇಚಿಯೂ ಸೊಂಟದ ತನಕ ನೀರಿನಲ್ಲಿ ಗ್ಯಾಸಿನ ಸಿಲಿಂಡರ್ ಹಿಡಿದು ನಿಂತೆವು. ಅವಳು ಅಕ್ಕಿಯ ಡಬ್ಬಿಯ ಕೆಳಗಿನಿಂದ ಆ ಮಡಚಿದ ಕಾಗದ ತೆಗೆದಳು. ತೊಯ್ದಿತ್ತು.

"ಏ ಬಂಗಾಳಿ" ಅಂದಳು. ಒಂದು ತಿಂಗಳಿಗೆ ಮೊದಲ ಮಾತು. "ಮ್ಯಾಲಿಡು."

ಹಲಗೆಯ ಮೇಲೆ ಮಾತೆ ಮತ್ತು ಬುದ್ಧನ ನಡುವೆ ಇಟ್ಟೆ. ಈಗಲೂ ಅಲ್ಲೇ ಇದೆ.

ಮೇಡಂ ಕರಾರು ಮುಂದುವರಿಸಿದರು. ನನ್ನ ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದಾರೆ, ಕನ್ನಡದಲ್ಲಿ: 'ಸೊನ್ನೆ ಎಲ್ಲಿಂದ?' ಈಗ ಎಂಟರ್ ಒತ್ತಲು ಮೊದಲಿಗಿಂತ ಹೆಚ್ಚು ಹೆದರುತ್ತೇನೆ. ಈ ಹೆದರಿಕೆ ಇರಲಿ ಅನ್ನುತ್ತಾರೆ ಅವರು.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಾರಾಯಣಖೇಡ್‌ನಲ್ಲಿ ಬಸ್ಸಿಳಿದರೆ ಖಾಜಾ ಭಾಯ್ ಗಾಡಿ ರೋಡಿನ ಮಗ್ಗುಲಿನ ಹೊಲದಲ್ಲೇ ನಿಂತಿತ್ತು. ಹೋಗಿ ಹಿಟ್ಟಿನ ಗುಂಪಿ ನೋಡಿದೆ, ಗೀರು ಎಣಿಸಿದೆ. ಇಪ್ಪತ್ತೊಂದು.

"ಬರ್ಫವಾಲಾ ಆಯಾ" ಅಂತ ಖಾಜಾ ಭಾಯ್ ಕೂಗಿದರು. "ಹೇಳು ನೋಡೋಣ, ಎಷ್ಟು ಹೋತು?"

ನಾನು ನಾಲ್ಕುನೂರಾ ಇಪ್ಪತ್ತು ಅನ್ನಬೇಕಿತ್ತು. ಬಾಯಲ್ಲಿ ಬೇರೆ ಬಂತು. "ಇನ್ನೂ ಸಮುದ್ರಕಿಂತ ನಾನೂರು ಮೀಟರ್ ಮ್ಯಾಲೇ ಇದ್ದೀವಿ ಭಾಯ್."

ಹೊಲದ ಒಡೆಯ ಗಾಡಿಯ ಡ್ರೈವರನ ಮುಖ ನೋಡಿದ. "ಇವ್ನೌನ, ನಾ ನೀರು ಕೇಳ್ಲತ್ತೀನಿ, ಇಂವ ಸಮುದ್ರ ಹೇಳ್ಲತ್ತಾನ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾಡ್ ಎಣಿಸುವ ಜಾಗದಲ್ಲಿ ಈಗ ಬೇರೆಯವನು ನಿಂತಿದ್ದ. ಅವನ ಗೀರುಗಳು ನನ್ನವಕ್ಕಿಂತ ನೆಟ್ಟಗಿದ್ದವು.

ಸಿರ್ಗಾಪುರದ ಮನೆಯಲ್ಲಿ ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾಲ್ಕು ರೊಟ್ಟಿ ತಿಂದೆ. ಮಧ್ಯಾಹ್ನ, ಬಿಸಿಲು, ಗಾಳಿ ಇಲ್ಲ, ಎಲ್ಲ ಸುಮ್ಮನೆ. ಕೌದಿ ಹಾಸಿಕೊಂಡು ಅಡ್ಡಾದೆ. ಎಷ್ಟು ದಿನಕ್ಕೆ ಒಣ ನೆಲದ ಮೇಲೆ ಮಲಗಿದ್ದೆ. ನಿದ್ದೆ ಬರಲಿಲ್ಲ. ಎದ್ದು ಹೊರಗೆ ಹೋಗಿ ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿ, ಅವ್ವನ ಚಪ್ಪಲಿ, ಎರಡೂ ಜೊತೆ ಎತ್ತಿ ತಂದು ಗೋಡೆಯ ಗೂಡಿನಂಥ ಮಾಡದಲ್ಲಿ, ದೀಪದ ಪಕ್ಕ ಇಟ್ಟೆ.

ಅವ್ವ ಹಾಸಿಗೆಯಿಂದಲೇ ನೋಡಿದಳು. "ಚಪ್ಪಲಿ ದೀಪದ ಬಲ್ಲೆ ಇಡ್ತಾರೇನೋ? ಇಲ್ಲೆಲ್ಲಿ ಅದ ನಿನ್ನ ಸಮುದ್ರ?"

"ಇಲ್ಲವ್ವಾ" ಅಂದು ಇಳಿಸಿ ಹೊರಗೆ ಇಟ್ಟೆ.

ಆಮೇಲೆ ಚೇಚಿಗೆ ಫೋನು ಹಚ್ಚಿದೆ. ಹಿಂದೆ ಅಲೆಯ ಸದ್ದು ಕೇಳುತ್ತಿತ್ತು. "ಕಾಗದ ಮ್ಯಾಲೇ ಅದನಾ?" ಅಂದೆ.

"ಅದ. ಎಂದು ಬರ್ತಿ ಮನಿಗಿ?" ಅಂದಳು.

ನಾನು ಮನೆಯಲ್ಲೇ ಕೂತಿದ್ದೆ. ಶನಿವಾರ ಅಂದೆ. ಅವ್ವ ನಿದ್ದೆ ಹೋಗುವ ತನಕ ಕಾದು, ಎದ್ದು, ಚಪ್ಪಲಿ ಮತ್ತೆ ಒಳಗೆ ತಂದು ಮಾಡದಲ್ಲಿ ಇಟ್ಟೆ.